ಇಲ್ಲದ ಹದಿನಾರು ಪುಟಗಳು

ನಾನು ಒಂದು ಕಾದಂಬರಿ. ಹುಟ್ಟಿನಿಂದಲೇ ನನಗೊಂದು ಊನವಿದೆ. ಅದು ನನಗೆ ತಿಳಿಯಲು ಏಳು ವರ್ಷ ಬೇಕಾಯಿತು. ಪುಸ್ತಕ ತನ್ನನ್ನು ತಾನು ಓದಿಕೊಳ್ಳಲಾರದು. ಏಳು ವರ್ಷ ನನ್ನನ್ನು ಬೇರೆ ಯಾರೂ ಓದಲಿಲ್ಲ.

ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಅಚ್ಚಾದೆ. ಹದಿನಾರು ಪುಟಗಳ ಒಂದು ಕಂತೆಗೆ ಅಲ್ಲಿ ಫಾರಂ ಅನ್ನುತ್ತಾರೆ. ಹತ್ತು ಫಾರಂಗಳನ್ನು ನೆಲದ ಮೇಲೆ ಸಾಲಾಗಿ ಒಟ್ಟಿದ್ದರು. ದ್ಯಾಮವ್ವ ಎಂಬ ಹೆಂಗಸು ಒಂದೊಂದು ರಾಶಿಯಿಂದ ಒಂದೊಂದನ್ನು ಎತ್ತಿ ಜೋಡಿಸುತ್ತಿದ್ದಳು. ನನ್ನ ಸರದಿಯಲ್ಲಿ ಯಾರೋ ಚಹಾ ತಂದರು. ಆಕೆ ಒಂದು ಗುಟುಕು ಕುಡಿದು ತಿರುಗಿದಳು, ಹತ್ತನೆಯದರ ಬದಲು ಒಂಬತ್ತನೆಯ ಫಾರಮನ್ನೇ ಮತ್ತೆ ಎತ್ತಿದಳು. ಹೊಲಿಗೆ ಬಿತ್ತು, ಅಂಟು ಬಿತ್ತು, ರಟ್ಟು ಬಿತ್ತು. ಒಂದು ಗುಟುಕು ಚಹಾಕ್ಕೆ ನನ್ನ ಕೊನೆ ಹೋಯಿತು.

ನನ್ನೊಳಗಿನ ಕಥೆ ದೊಡ್ಡದೇನಲ್ಲ. ಕಳಕಪ್ಪ ಎಂಬ ಬಸ್ ಕಂಡಕ್ಟರ್ ಮೇಲೆ ಅವನು ಮಾಡದ ಕೊಲೆಯ ಆರೋಪ ಬರುತ್ತದೆ. ಅವನ ತಂಗಿ ಸಾಕ್ಷಿ ಹುಡುಕಿಕೊಂಡು ಊರೂರು ಅಲೆಯುತ್ತಾಳೆ. ನೂರಾ ನಲವತ್ನಾಲ್ಕನೆಯ ಪುಟದ ಕೊನೆಯ ಸಾಲಿನಲ್ಲಿ ತೀರ್ಪು ಓದಲು ನ್ಯಾಯಾಧೀಶರು ಕನ್ನಡಕ ಹಾಕಿಕೊಳ್ಳುತ್ತಾರೆ. ಹಾಳೆ ತಿರುವಿದರೆ ಮತ್ತೆ ನೂರಾ ಇಪ್ಪತ್ತೊಂಬತ್ತು. ತಂಗಿ ಮತ್ತೆ ಅದೇ ಬಸ್ ಹತ್ತುತ್ತಾಳೆ, ನ್ಯಾಯಾಧೀಶರು ಮತ್ತೆ ಕನ್ನಡಕ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ರಟ್ಟು.

ನನ್ನನ್ನು ಒಂದು ಸರಕಾರಿ ಪ್ರೌಢಶಾಲೆ ಕೊಂಡಿತು. ಅಲ್ಲಿನ ಕಬ್ಬಿಣದ ಕಪಾಟು ವರ್ಷಕ್ಕೊಮ್ಮೆ, ಬೇಸಿಗೆ ರಜೆಯ ಹಿಂದಿನ ದಿನ, ನಿಜವಾಗಿ ತೆರೆಯುತ್ತಿತ್ತು. ಕನ್ನಡದ ಮುಳಗುಂದ ಸರ್ ಹೇಳುತ್ತಿದ್ದರು: "ರಜಾದಾಗ ಓದೂದು ಕಡ್ಡಾಯ ಅಲ್ಲ. ಮನಸಿದ್ದವರು ಅಷ್ಟ ಓದ್ರಿ. ಮನಸಿಲ್ಲದವರು ಎದ್ದು ನಿಂದರ್ರಿ, ಯಾರಾರು ಅದೀರಿ ನೋಡೂಣು."

ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಹೀಗೆ ಸ್ವಯಂಪ್ರೇರಿತ ಓದು ಶುರುವಾಗುತ್ತಿತ್ತು.

ಒಂದು ಬೇಸಿಗೆ ನಾನು ಹಾಲಿನ ಪಾತ್ರೆಯ ಮುಚ್ಚಳವಾಗಿದ್ದೆ. ಇನ್ನೊಂದು ಬೇಸಿಗೆ ಮಂಚದ ಕಾಲಿನ ಕೆಳಗಿದ್ದೆ. ಜೂನಿನಲ್ಲಿ ಶಾಲೆ ತೆರೆದಾಗ ಎಲ್ಲರೂ ಕಟ್ಟೆಯ ಮೇಲೆ ನಿಂತು ಓದಿದ ಕಥೆ ಹೇಳಬೇಕು. ನನ್ನ ಬೆನ್ನ ಮೇಲೆ, ಅಂದರೆ ಹಿಂದಿನ ರಟ್ಟಿನಲ್ಲಿ, ಅಚ್ಚಾದ ನಾಲ್ಕು ಸಾಲು ಓದಿಕೊಂಡು ಒಬ್ಬ ಕಳಕಪ್ಪನನ್ನು ಗಲ್ಲಿಗೇರಿಸಿದ. ಇನ್ನೊಬ್ಬಳು ಅವನಿಗೆ ಮದುವೆ ಮಾಡಿಸಿದಳು. ಇಬ್ಬರಿಗೂ ಚಪ್ಪಾಳೆ ಬಿತ್ತು.

ಚೆನ್ನಾಗಿ ಹೇಳಿದವರು ಶಾಲಾ ಸಂಸತ್ತಿನ ಗ್ರಂಥಾಲಯ ಮಂತ್ರಿಯಾಗುತ್ತಿದ್ದರು. ಕಪಾಟಿನ ಕೀಲಿ ಒಂದು ವರ್ಷ ಅವರ ಕೈಯಲ್ಲಿ. ಆರನೆಯ ವರ್ಷ ಅದು ಸಂಗನಗೌಡ ಎಂಬ ಹುಡುಗನಿಗೆ ಸಿಕ್ಕಿತು. ಅವನೂ ನನ್ನ ಬೆನ್ನನ್ನಷ್ಟೇ ಓದಿದ್ದ, ಆದರೆ ದನಿ ದೊಡ್ಡದಿತ್ತು. "ಕಡೀಕ ಕಳಕಪ್ಪಗ ಬಿಡುಗಡಿ ಆಗತೈತಿ. ಸತ್ಯಕ್ಕ ಜಯ ಸಿಗತೈತಿ. ನಾವೂ ಹಂಗ ಬಾಳಬೇಕು," ಎಂದ. ಮುಳಗುಂದ ಸರ್ ಕೈಯಾರೆ ಅವನಿಗೆ ಶಾಲು ಹೊದಿಸಿದರು. ಅಂದಿನಿಂದ ಕಪಾಟಿನಲ್ಲಿ ಅವನ ಕ್ರಿಕೆಟ್ ಬ್ಯಾಟು, ಊಟದ ಡಬ್ಬಿ ನಮ್ಮ ಮೇಲೆ ಕೂತವು.

ಎಂಟನೆಯ ತರಗತಿಯ ಫಕ್ಕೀರವ್ವ ದಿನವೂ ಬಂದು ಕೇಳುತ್ತಿದ್ದಳು.

"ಸಂಗಣ್ಣ, ಒಂದು ಪುಸ್ತಕ ಕೊಡು."

"ನಾಳಿ."

"ನಿನ್ನಿನೂ ನಾಳಿ ಅಂದಿದ್ದಿ."

"ಇವತ್ತೂ ಅದನ್ನ ಅಂದೆ. ಮಾತು ಬದಲಿಲ್ಲ ನೋಡು."

ಅವಳ ಹಿಂದೆ ನಿಂತವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಬೀಗದ ಕಡೆ ನೋಡುತ್ತಿದ್ದಳು. ಮುಂದಿನ ವರ್ಷ ಆ ಕೀಲಿ ತನಗೆ ಬೇಕು ಎಂದು ಆಗಲೇ ತೀರ್ಮಾನಿಸಿದ್ದಳು. ಅಷ್ಟು ಆಸೆಯಿಂದ ಯಾರೂ ನಮ್ಮ ಕಪಾಟನ್ನು ನೋಡಿರಲಿಲ್ಲ.

ಬೇಸಿಗೆಗೆ ಅವಳ ಪಾಲಿಗೆ ಬಂದದ್ದು ನಾನು. ರಜೆಯಲ್ಲಿ ಅವಳು ತಾಯಿಯ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಬೆರಳು ಉರಿಯುತ್ತಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ಅದೇ ಬೆರಳಿನಿಂದ ನನ್ನನ್ನು ತೆರೆಯುತ್ತಿದ್ದಳು. ಮರೆತು ಕಣ್ಣು ಒರೆಸಿಕೊಂಡರೆ ಒಂದು ತಾಸು ಅಳು. ಅತ್ತು ಮುಗಿದ ಮೇಲೆ ಮತ್ತೆ ಅದೇ ಸಾಲು. ನನ್ನ ಅಂಚುಗಳೆಲ್ಲ ಕೆಂಪಾದವು, ಘಾಟು ಒಳಗಿಳಿಯಿತು.

"ಪರೀಕ್ಷಿ ಮುಗದಾವಲ್ಲ, ಇನ್ನೇನು ಓದತೀ?" ಎಂದಳು ತಾಯಿ.

"ಇದು ಪರೀಕ್ಷಿಗಲ್ಲ ಬೇ."

"ಮತ್ತ್ಯಾತಕ್ಕ?"

ಅವಳು ಬೆರಳು ಲಂಗಕ್ಕೆ ಒರೆಸಿಕೊಂಡು ಬಿಟ್ಟ ಸಾಲಿಗೆ ಮರಳಿದಳು.

ಮೇ ತಿಂಗಳ ಕೊನೆಗೆ ಅವಳು ನೂರಾ ನಲವತ್ನಾಲ್ಕಕ್ಕೆ ಬಂದಳು. ಹಾಳೆ ತಿರುವಿದಳು. ನಿಂತಳು. ಹಿಂದೆ ಹೋದಳು, ಮುಂದೆ ಬಂದಳು. ರಟ್ಟಿನ ಸಂದಿಯಲ್ಲಿ ನೋಡಿದಳು. ಮೆಣಸಿನಕಾಯಿ ರಾಶಿಯನ್ನು ಕೆದರಿ ಹಾಳೆ ಬಿದ್ದಿದೆಯೇ ಎಂದು ಹುಡುಕಿದಳು. ಕೊನೆಗೆ, ಈ ಸಲ ಬೇರೆಯಾಗಿರಬಹುದು ಎಂಬಂತೆ, ಎರಡು ಸಲ ಬಂದಿದ್ದ ಪುಟಗಳನ್ನು ಮತ್ತೆ ಓದಿದಳು. ನನಗೆ ನನ್ನ ಊನ ಗೊತ್ತಾದದ್ದು ಆ ಹೊತ್ತಿಗೆ.

ಜೂನಿನಲ್ಲಿ ಅವಳು ಕಟ್ಟೆ ಹತ್ತಿದಳು. ಅಷ್ಟು ಚೆನ್ನಾಗಿ ನನ್ನ ಕಥೆಯನ್ನು ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲಿ ತಂಗಿ ಚಿಲ್ಲರೆಗಾಗಿ ಜಗಳವಾಡಿದ್ದನ್ನೂ ಬಿಡಲಿಲ್ಲ. ಮಕ್ಕಳು ಗದ್ದಲ ನಿಲ್ಲಿಸಿದ್ದರು. ನ್ಯಾಯಾಧೀಶರು ಕನ್ನಡಕ ಹಾಕಿಕೊಂಡಲ್ಲಿಗೆ ಅವಳು ನಿಲ್ಲಿಸಿದಳು.

"ಮುಂದ?" ಎಂದರು ಮುಳಗುಂದ ಸರ್.

"ಮುಂದ ಇಲ್ರಿ ಸರ. ಕಡೀ ಪುಟಾನ ಇಲ್ಲ. ನೂರಾ ನಲವತ್ನಾಲ್ಕು ಆದಮ್ಯಾಲೆ ಮತ್ತ ನೂರಾ ಇಪ್ಪತ್ತೊಂಬತ್ತು ಬರತೈತ್ರಿ."

"ಹೋದ ವರ್ಷ ನಾ ಓದಿದಾಗ ಇತ್ತಲ್ರಿ ಸರ," ಎಂದ ಸಂಗನಗೌಡ ಕೆಳಗಿನಿಂದ. "ಹರದಿರಬೇಕ್ರಿ."

"ಮೆಣಸಿನಕಾಯಿ ಪೊಟ್ಣ ಕಟ್ಟಿರಬೇಕ್ರಿ," ಎಂದ ಇನ್ಯಾರೋ. ನಗೆ ಎದ್ದಿತು.

ಸರ್ ನನ್ನನ್ನು ತೆಗೆದುಕೊಂಡರು. ತೆರೆದೊಡನೆ ಸೀನಿದರು. ನಗೆ ಹೆಚ್ಚಾಯಿತು. ಕೊನೆಯ ಹಾಳೆಯಿಂದ ಹಿಂದಕ್ಕೆ ತಿರುವುತ್ತ ಬಂದರು. ಎರಡನೆಯ ನೂರಾ ಇಪ್ಪತ್ತೊಂಬತ್ತರ ಮೇಲೆ ಅವರ ಬೆರಳು ನಿಂತಿತು. ಅವರಿಗೆ ಗೊತ್ತಾಯಿತು. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಬೆರಳು ಇದ್ದದ್ದು ನನ್ನ ಮೇಲೆ. ಅವರು ಪಕ್ಕದ ಕುರ್ಚಿಯಲ್ಲಿದ್ದ ಹೆಡ್‌ಮಾಸ್ಟರ ಕಡೆ ನೋಡಿದರು. ತಾವೇ ಶಾಲು ಹೊದಿಸಿದ್ದ ಸಂಗನಗೌಡನ ಕಡೆ ನೋಡಿದರು. ನನ್ನನ್ನು ಮುಚ್ಚಿದರು.

"ಒಂದ, ನೀ ಹರದೀ. ಇಲ್ಲಾಂದ್ರ, ಪೂರಾ ಓದಿಲ್ಲ. ಯಾವುದು?"

"ಎರಡೂ ಅಲ್ರಿ ಸರ. ನೀವ ಈಗ ನೋಡಿದ್ರಲ್ಲ."

"ನಾ ಏನೂ ನೋಡಿಲ್ಲ. ಓದಿದ್ರ ಕಡೀಕ ಏನಾತು ಹೇಳು. ಹೇಳೂತನಕ ಅಲ್ಲೇ ನಿಂದರು. ಹರಿಯೂವ್ರಿಗೆ, ಓದದವ್ರಿಗೆ ಕಪಾಟಿನ ಕೀಲಿ ಸಿಗೂದಿಲ್ಲ."

ಅವಳನ್ನು ಕಟ್ಟೆಯ ಮೂಲೆಗೆ ಸರಿಸಿ ಉಳಿದವರನ್ನು ಒಬ್ಬೊಬ್ಬರನ್ನಾಗಿ ಕರೆದರು. ಅವರು ಬೇರೆ ಪುಸ್ತಕಗಳ ಬೆನ್ನುಗಳನ್ನು ಒಪ್ಪಿಸಿದರು. ಪ್ರತಿಯೊಬ್ಬರಿಗೂ ಚಪ್ಪಾಳೆ. ಅವಳು ನಿಂತೇ ಇದ್ದಳು. ನಾನು ಮೇಜಿನ ಮೇಲಿದ್ದೆ, ಸಾಕ್ಷಿ ನಾನೇ ಆಗಿದ್ದೆ. ಯಾರೂ ತೆರೆಯಲಿಲ್ಲ.

ಕೊನೆಯ ಹುಡುಗ ಇಳಿದ ಮೇಲೆ ಫಕ್ಕೀರವ್ವ ಬಾಯಿಬಿಟ್ಟಳು. ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ.

"ಕಡೀಕ ಕಳಕಪ್ಪಗ ಬಿಡುಗಡಿ ಆಗತೈತ್ರಿ. ಸತ್ಯಕ್ಕ ಜಯ ಸಿಗತೈತ್ರಿ."

"ಇಷ್ಟು ಹೇಳಾಕ ಇಷ್ಟೊತ್ತು ಬೇಕಾತೇನು?" ಎಂದರು ಸರ್. ಮೊದಲು ಚಪ್ಪಾಳೆ ತಟ್ಟಿದವರು ಅವರೇ.

ಕೀಲಿ ಅವಳಿಗೆ ಸಿಕ್ಕಿತು. ಬ್ಯಾಟು ಹೋಯಿತು, ಡಬ್ಬಿ ಹೋಯಿತು. ಅವಳು ಕಪಾಟಿನ ಪುಸ್ತಕಗಳನ್ನೆಲ್ಲ ಓದಿದಳು, ಕೇಳಿದವರಿಗೆ ಕೇಳಿದ ದಿನವೇ ಕೊಟ್ಟಳು. ಯಾವ ಪುಸ್ತಕ ಕೈಗೆ ಬಂದರೂ ಮೊದಲು ಕೊನೆಯ ಪುಟ ನೋಡುತ್ತಿದ್ದಳು. ನನ್ನನ್ನು ಮಾತ್ರ ಮುಟ್ಟಲಿಲ್ಲ.

ಮುಂದಿನ ಬೇಸಿಗೆ ನನ್ನನ್ನು ಮೆಹಬೂಬ ಎಂಬ ಎಂಟನೆಯ ತರಗತಿಯ ಹುಡುಗ ಒಯ್ದ. ದುರದೃಷ್ಟಕ್ಕೆ ಅವನೂ ಓದಿದ. ಜೂನಿನ ಆ ದಿನ, ಎಲ್ಲರೂ ಕಟ್ಟೆಯ ಮುಂದೆ ಕೂರುತ್ತಿದ್ದಾಗ, ನನ್ನನ್ನು ಎದೆಗವಚಿಕೊಂಡು ಅವಳ ಬಳಿ ಬಂದ.

"ಅಕ್ಕಾ, ಇದರ ಕಡೀ ಪುಟ ಇಲ್ಲ. ಸರಗ ಹೇಳ್ಲಿ?"

ಫಕ್ಕೀರವ್ವ ನನ್ನನ್ನು ತೆರೆಯಲಿಲ್ಲ. ಕುರ್ಚಿ ಹಾಕಿಸುತ್ತಿದ್ದ ಮುಳಗುಂದ ಸರ್ ಕಡೆ ಒಮ್ಮೆ ನೋಡಿದಳು.

"ಹೇಳಬ್ಯಾಡ. ಸತ್ಯಕ್ಕ ಜಯ ಸಿಕ್ತು ಅನ್ನು."

"ಅದು ಯಾವ ಪುಟದಾಗ ಐತಿ?"

"ಯಾವ ಪುಟದಾಗೂ ಇಲ್ಲ. ಆದ್ರೂ ಅನ್ನು."

ಅವನು ಅಂದ. ಚಪ್ಪಾಳೆ ಬಿತ್ತು. ಈ ಸಲ ಅವಳೂ ತಟ್ಟಿದಳು.

ಅವರಿಬ್ಬರೂ ಶಾಲೆ ಬಿಟ್ಟು ಬಹಳ ಕಾಲವಾಯಿತು. ಕೀಲಿ ಎಲ್ಲೋ ಕಳೆದಿದೆ. ಕಪಾಟಿನ ತುಕ್ಕು ತಿಂದ ಕೆಳಗಿನ ಅರೆಯಲ್ಲಿ ನನಗೆ ಗೆದ್ದಲು ಹತ್ತಿದೆ. ಅದು ಅವಸರವಿಲ್ಲದೆ ಮೊದಲ ಪುಟದಿಂದ ಶುರುಮಾಡಿದೆ. ಮೆಣಸಿನ ಘಾಟಿಗೂ ಹೆದರಿಲ್ಲ. ಫಕ್ಕೀರವ್ವ, ಮೆಹಬೂಬರನ್ನು ಬಿಟ್ಟರೆ ನನ್ನನ್ನು ಪೂರ್ತಿ ಮುಗಿಸುವುದು ಅದೊಂದೇ. ಅದರ ಪುಣ್ಯ, ಕೊನೆಗೆ ಏನಾಯಿತು ಎಂದು ಅದನ್ನು ಯಾರೂ ಕೇಳುವುದಿಲ್ಲ.