ಮುದ್ದೆ ಅಗಿದು ತಿನ್ನುವವರು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇದು ನಿಡಘಟ್ಟದ ಪಟ್ಟಲಮ್ಮ ಅವರ ಬದುಕಿನ ವಿಷಯ, ನನ್ನದಲ್ಲ. ಬರೆಯಲೇ ಎಂದು ಕೇಳಿದಾಗ ಅವರು, "ಬರ್ಕೊ ಕಣಮ್ಮ, ಯಾರ್ ಓದ್ತಾರೆ ಇದ್ನೆಲ್ಲ" ಎಂದು ನಕ್ಕುಬಿಟ್ಟರು. ಜನರ ಹೆಸರು, ಊರಿನ ಹೆಸರು ಬದಲಿಸಿದ್ದೇನೆ. ಆದರೂ ಕೈ ಹಿಂಜರಿಯುತ್ತದೆ. ಮಂಡ್ಯದ ಅಂಗಡಿಯೊಂದರಲ್ಲಿ ಹಗಲು ಕೆಲಸ ಮಾಡುತ್ತಾ ಸಂಜೆ ಕಾಲೇಜಿನಲ್ಲಿ ಬಿ.ಎ. ಓದಿದವಳು ನಾನು. ಈಗ ಮಳವಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಕಚೇರಿ ಟಿಪ್ಪಣಿ ಬಿಟ್ಟರೆ ಬೇರೆ ಬರೆದು ಗೊತ್ತಿಲ್ಲ. ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ತಿದ್ದಿಕೊಡುವ ಮೇಲಧಿಕಾರಿ ಇಲ್ಲಿಲ್ಲ. ತಪ್ಪಿದ್ದರೆ ಓದುವವರು ಮನ್ನಿಸಬೇಕು.

ಎರಡು ವರ್ಷದ ಹಿಂದೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನಾನು ಜಠರವನ್ನು ಕತ್ತರಿಸಿ ಸಣ್ಣದು ಮಾಡಿಸಿಕೊಂಡೆ. ತೂಕ ಮಿತಿಮೀರಿತ್ತು, ಸಕ್ಕರೆ ಕಾಯಿಲೆ ಕಾಲಿಗಿಳಿದಿತ್ತು. ಆಪರೇಷನ್ ಒಂದು ಬೆಳಿಗ್ಗೆಯ ಕೆಲಸ. ಅದರ ನಂತರದ ಬದುಕೇ ಕಷ್ಟ ಎಂದು ಆಸ್ಪತ್ರೆಯವರು ಹೇಳಿದ್ದರು. ಮಂಡ್ಯ ಕಡೆಯ ನಮ್ಮಂಥವರು ಒಬ್ಬರಿಗೊಬ್ಬರು ಮಾತಿಗೆ ಸಿಗಲಿ ಎಂದು, ನಮ್ಮ ಒಪ್ಪಿಗೆ ಪಡೆದು ಫೋನ್ ನಂಬರುಗಳನ್ನು ಅವರೇ ಕೊಟ್ಟರು.

ಹಾಗೆ ನಾವು ಕೆಲವರು ತಿಂಗಳಿಗೊಂದು ಭಾನುವಾರ ಮದ್ದೂರಿನಲ್ಲಿ ಸೇರುತ್ತೇವೆ. ಜಾಗ ರಾಜೇಂದ್ರ ಅವರ ಟೈಲರ್ ಅಂಗಡಿ. ಅವರೂ ಆಪರೇಷನ್ ಆದವರೇ. ತೂಕ ಇಳಿದವರಿಗೆ ಮೊದಲು ಬೇಕಾಗುವುದು ಟೈಲರ್. ಸಡಿಲವಾದ ನಮ್ಮ ಬ್ಲೌಸು, ಪ್ಯಾಂಟುಗಳನ್ನೆಲ್ಲ ಅವರೇ ಹಿಡಿದು ಹೊಲಿದುಕೊಡುತ್ತಾರೆ. "ನಿಮ್ಮನ್ನ ಹಿಡ್ದೂ ಹಿಡ್ದೂ ನನ್ ಮಿಷನ್ನೂ ಸಣ್ಣ ಆಯ್ತು ಕಣ್ರಮ್ಮ" ಎನ್ನುತ್ತಾರೆ. ಶಟರ್ ಅರ್ಧ ಎಳೆದು, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕೂತು, ಬೇರೆಲ್ಲೂ ಆಡಲಾಗದ ಮಾತುಗಳನ್ನು ಆಡುತ್ತೇವೆ. ಕೂದಲು ಉದುರುವುದು, ಒಂದು ತುಂಡು ಮೈಸೂರುಪಾಕಿಗೆ ಎದೆ ಹೊಡೆದುಕೊಂಡು ಬೆವರುವುದು, ಊಟದ ಜೊತೆ ನೀರು ಕುಡಿಯಬಾರದೆಂದು ಮರೆತು ಕುಡಿದು ಒದ್ದಾಡುವುದು, ಜೋತುಬಿದ್ದ ಚರ್ಮವನ್ನು ಸ್ನಾನದ ಮನೆಯಲ್ಲಿ ನೋಡಿಕೊಳ್ಳಲಾಗದಿರುವುದು. ಅಲ್ಲಿ ಒಂದೇ ಕಟ್ಟಳೆ: ಒಬ್ಬರ ಆಪರೇಷನ್ ವಿಷಯವನ್ನು ಇನ್ನೊಬ್ಬರು ಹೊರಗೆ ಎತ್ತಬಾರದು.

ಆ ಕಟ್ಟಳೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದುದು ಪಟ್ಟಲಮ್ಮನಿಗೆ. ಆಕೆ ನನಗಿಂತ ಹಿರಿಯರು, ಗದ್ದೆ ತೋಟ ಇರುವ ಮನೆಯವರು. ಊರಿನಲ್ಲಿ ಗಂಡ ಹೊನ್ನಯ್ಯ, ಮಗಳು ಅಮೃತ ಇಬ್ಬರನ್ನು ಬಿಟ್ಟರೆ ಯಾರಿಗೂ ನಿಜ ತಿಳಿಸಿರಲಿಲ್ಲ. ಗರ್ಭಕೋಶ ತೆಗೆಸಿಕೊಂಡೆ ಎಂದಿದ್ದರು. ನಮ್ಮ ಕಡೆ ಆ ಮಾತನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಆದರೆ ಬಾಗಿಲ ತುಂಬ ಇದ್ದ ಹೆಂಗಸು ಕೆಲವೇ ತಿಂಗಳಲ್ಲಿ ಅರ್ಧವಾದಾಗ, ಕೂದಲುದುರಿ ಬೈತಲೆ ಅಗಲವಾದಾಗ, ಊರು ತಾನೇ ಲೆಕ್ಕ ಹಾಕಿತು: ಗರ್ಭಕೋಶದ ಕ್ಯಾನ್ಸರ್. ತಾಯಿಗೆ ಬಂದದ್ದು ಮಗಳಿಗೂ ಬರುತ್ತದಂತೆ. ಅಮೃತಳಿಗೆ ಬಂದಿದ್ದ ಒಂದು ಸಂಬಂಧ ಅಷ್ಟಕ್ಕೇ ತಿರುಗಿಹೋಯಿತು.

ಎರಡನೆಯದು ಕೊತ್ತತ್ತಿಯದು. ಹುಡುಗ ಪುನೀತ್, ಲೈನ್‌ಮನ್ ಕೆಲಸ. ಹುಡುಗಿ ನೋಡುವುದು ಮುಗಿದಿತ್ತು, ಅಮೃತಳಿಗೆ ಅವನ ಮೇಲೆ ಮನಸ್ಸಾಗಿತ್ತು. ಇನ್ನು ಹೆಣ್ಣಿನ ಕಡೆಯವರು ಹೋಗಿ ಮನೆ ನೋಡುವುದೊಂದೇ ಬಾಕಿ. ಗಂಡಿನ ಮನೆಯಲ್ಲಿ ಎಲೆ ಮುಂದೆ ಕೂತು ಉಂಡರೆ ಸಂಬಂಧ ಒಪ್ಪಿದಂತೆ. ನಡುವೆ ಎದ್ದರೆ ಮುರಿದಂತೆ.

"ಅಲ್ಲಿ ಬಾಡೂಟ ಮಾಡ್ತಾರೆ. ಮುದ್ದೆ ಇಕ್ತಾರೆ. ನಾನೆಂಗ್ ತಿನ್ಲಿ?" ಎಂದು ಪಟ್ಟಲಮ್ಮ ಆ ಭಾನುವಾರ ಕೇಳಿದರು.

ಈ ಕಡೆಯವರಲ್ಲದವರಿಗೆ ಒಂದು ಮಾತು ಹೇಳಬೇಕು. ನಾವು ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತೇವೆ. ಎಳೆ ಮಕ್ಕಳಿಗೆ ಮೊದಲು ಕಲಿಸುವುದೇ ಅದನ್ನು. ಅಗಿಯುವವರನ್ನು ಕಂಡರೆ ಪರ ಊರಿನವರು, ಇಲ್ಲವೇ ಕಾಯಿಲೆಯವರು ಎಂದುಕೊಳ್ಳುತ್ತೇವೆ. ಆದರೆ ಕತ್ತರಿಸಿದ ಜಠರಕ್ಕೆ ಇಳಿಯುವ ಪ್ರತಿ ತುತ್ತೂ ಬಾಯಲ್ಲೇ ನೀರಾಗಬೇಕು. ನುಂಗಿದ ಮುದ್ದೆ ಬಾಟಲಿಯ ಬಿರಡೆಯಂತೆ ಕೂತುಬಿಡುತ್ತದೆ.

ರಾಜೇಂದ್ರ ಮನೆಯಿಂದ ಒಂದು ಸಣ್ಣ ಮುದ್ದೆ, ಬಸ್ಸಾರು ತರಿಸಿದರು. ತುಟಿ ಅಲುಗದಂತೆ ಅಗಿಯುವ ಅಭ್ಯಾಸ ಶುರುವಾಯಿತು.

"ಗೊತ್ತಾಯ್ತದೆ, ಗೊತ್ತಾಯ್ತದೆ! ದವಡೆ ಆಡ್ತಾ ಐತೆ" ಎಂದರು ರಾಜೇಂದ್ರ.

"ನಿನ್ ದವಡೆ ನೋಡ್ಕಳಯ್ಯ, ಒಲಿಗೆ ಮಿಷನ್ ಆಡ್ದಂಗ್ ಆಡ್ತದೆ" ಎಂದರು ಪಟ್ಟಲಮ್ಮ.

ನಗು ನಿಂತ ಮೇಲೆ ನಾನು ಮೆಲ್ಲಗೆ, "ಅಕ್ಕ, ನಿಜ ಹೇಳಿಬಿಟ್ಟರೆ?" ಎಂದೆ.

"ಏನಂತ? ತಿಂದು ತಿಂದು ಊದ್ಕಂಡು, ಆಮೇಲೆ ಒಟ್ಟೆ ಕುಯ್ಸ್ಕಂಡೆ ಅಂತ್ಲಾ? ಮಗ್ಳು ಮದ್ವೆ ವಯಸ್ನಲ್ಲಿ ಅವ್ವಂಗೆ ಸಿಂಗಾರ ಬೇಕಾಗಿತ್ತಾ ಅಂತಾರೆ. ಕ್ಯಾನ್ಸರ್ ಅಂದ್ರೆ ಅಯ್ಯೋ ಪಾಪ ಅಂತನಾದ್ರೂ ಅಂತಾರೆ ಕಣಮ್ಮ." ಉಳಿದ ಮುದ್ದೆಯನ್ನು ಪಕ್ಕಕ್ಕೆ ಸರಿಸಿ, "ನೀನೂ ಬಾ. ನನ್ ಪಕ್ಕದೆಲೇಲಿ ಕೂತ್ಕೊ. ನೀನಿದ್ರೆ ನಿಧಾನುಕ್ಕೆ ತಿಂತೀನಿ" ಎಂದರು.

ಹೋಗಬೇಕೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. ನನ್ನ ಕೈಯಲ್ಲಿ ಏನಾದೀತು ಎಂಬ ಅಂಜಿಕೆ. ಕೊನೆಗೆ ಹೋದೆ.

ಕೊತ್ತತ್ತಿಯಲ್ಲಿ ನಾಲೆಗೆ ನೀರು ಬಿಟ್ಟಿದ್ದರು. ಜಗಲಿಯ ಮೇಲೆ ಹುಡುಗನ ಅಜ್ಜಿ ಮುದ್ದಮ್ಮ ಕೂತಿದ್ದರು. ಕಾಲು ತೊಳೆಯುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರು ಯಾವೂರಾಯ್ತು? ಯಾರ ಪೈಕಿ?" ಎಂದರು. ಆ ಪ್ರಶ್ನೆ ಜಾತಿ ಕೇಳುವ ಬಗೆ ಎಂದು ನಮ್ಮಂಥ ಮನೆಗಳಲ್ಲಿ ಹುಟ್ಟಿದವರಿಗೆ ಚಿಕ್ಕಂದಿನಿಂದ ಗೊತ್ತು. ನಾನು ಚೊಂಬು ಹಿಡಿದು ನಿಂತುಬಿಟ್ಟೆ. ಪಟ್ಟಲಮ್ಮ ತಿರುಗಿಯೂ ನೋಡದೆ, "ನಮ್ಮೋಳೆ ಕಣವ್ವ" ಎಂದು ನನ್ನ ಮೊಣಕೈ ಹಿಡಿದು ಒಳಗೆ ನಡೆದರು.

ಹುಡುಗನ ತಾಯಿ ಮಾಯಮ್ಮ ದಪ್ಪನೆಯ ಹೆಂಗಸು, ಮಾತು ಕಡಿಮೆ. ಮಂಡಿ ನೋವಿಗೆ ಒಂದು ಕಾಲು ಎಳೆದು ಹಾಕುತ್ತಾ ಕೊಟ್ಟಿಗೆ, ಅಡುಗೆಮನೆ ಎಲ್ಲ ತೋರಿಸಿದರು. ತೋರಿಸುವಾಗ ಅವರ ಕಣ್ಣು ಗೋಡೆಯ ಮೇಲಿರಲಿಲ್ಲ, ಪಟ್ಟಲಮ್ಮನ ಕುತ್ತಿಗೆಯ ಮೂಳೆಯ ಮೇಲಿತ್ತು. ಸುದ್ದಿ ಇಲ್ಲಿಗೂ ಬಂದಿದೆ ಎಂದು ನನಗೆ ಆಗಲೇ ತಿಳಿಯಿತು.

ಗಂಡಸರದು ಹೊರಗೆ, ಹೆಂಗಸರದು ನಡುಮನೆಯಲ್ಲಿ ಸಾಲು. ಎಲೆಗೆ ನಾಟಿಕೋಳಿ ಸಾರು ಬಿತ್ತು. ಮಾಯಮ್ಮ ತಾವೇ ಕೈಯಾರೆ ಮುದ್ದೆ ಇಟ್ಟರು, ತೆಂಗಿನಕಾಯಿಯಷ್ಟು.

"ಅಯ್ಯೋ, ಅರ್ಧ ಸಾಕು" ಎಂದರು ಪಟ್ಟಲಮ್ಮ.

"ನಮ್ಮನೇಲಿ ಅರ್ಧ ಮುದ್ದೆ ಕಟ್ಟೋ ವಾಡ್ಕೆ ಇಲ್ಲ. ಉಣ್ಣಿ ಬೀಗ್ರೆ."

ಪಟ್ಟಲಮ್ಮ ಕಡಲೆಕಾಯಿಯಷ್ಟು ಮುರಿದರು. ಅದ್ದಿದರು. ತಲೆ ತಗ್ಗಿಸಿ ಅಗಿಯತೊಡಗಿದರು. ನಾನೂ ಅಗಿದೆ. ಒಬ್ಬರನ್ನೊಬ್ಬರು ನೋಡಿಕೊಳ್ಳದೆ ಇಬ್ಬರೂ ಒಂದೇ ತಾಳದಲ್ಲಿ ಅಗಿಯುತ್ತಿದ್ದೆವು. ಎರಡು ತುತ್ತು ಇಳಿಯಿತು. ಇದು ಸಾಗೀತು ಅನ್ನಿಸಿತು.

ಎದುರು ಸಾಲಿನಿಂದ ಮುದ್ದಮ್ಮ ನಕ್ಕರು. "ಅಮ್ಮಯ್ಯ, ನೋಡ್ರೇ ಇಲ್ಲಿ! ಎಮ್ಮೆ ಮೆಲುಕಾಕ್ದಂಗೆ ಮುದ್ದೆ ಅಗೀತಾ ಕೂತವ್ರೆ! ಯಾವ ಸೀಮೆ ಬೀಗ್ರು ತಂದ್ಯೇ ಮಾಯಿ? ಬೋಡುಬಾಯಿ ನಾನು, ನಾನೇ ಗುಳುಕ್ಕನೆ ನುಂಗ್ತೀನಿ!"

ಸಾಲೆಲ್ಲ ನಕ್ಕಿತು. ಬೀಗರನ್ನು ಕಿಚಾಯಿಸುವುದು ತಪ್ಪಲ್ಲ, ಅದು ಪ್ರೀತಿಯೇ. ಮಾಯಮ್ಮ ಮಾತ್ರ ನಗಲಿಲ್ಲ. ಸಾರಿನ ಸೌಟು ಹಿಡಿದು ನಿಂತೇ ನೋಡುತ್ತಿದ್ದರು.

ಪಟ್ಟಲಮ್ಮ ದೊಡ್ಡದೊಂದು ತುತ್ತು ಮುರಿದು ನುಂಗಿದರು. ನಾನು ಕೈ ಚಾಚುವಷ್ಟರಲ್ಲಿ ಇನ್ನೊಂದು. "ಈಗ ಸರೀನಾ ಅಜ್ಜೀ" ಎಂದು ನಕ್ಕರು ಕೂಡ.

ಆ ನಗು ಮುಖದಲ್ಲೇ ನಿಂತುಹೋಯಿತು. ಎಡಗೈ ಎದೆಗೂಡಿನ ಕೆಳಗೆ ಹೋಯಿತು. ಅಲ್ಲಿ ಕೈ ಇಟ್ಟರೆ ಏನೆಂದು ನಮಗೆಲ್ಲ ಗೊತ್ತು. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು ತುಂಬಿತು. ಪಕ್ಕದವರು ಯಾರೋ ನೀರಿನ ಲೋಟ ಕೊಟ್ಟರು. ನಾನು ಲೋಟ ಕಿತ್ತುಕೊಂಡೆ. ಕಟ್ಟಿಕೊಂಡ ಮೇಲೆ ನೀರು ಕುಡಿದರೆ ನೋವು ಎರಡರಷ್ಟು. ನಾನು ನೀರು ಕಿತ್ತುಕೊಂಡದ್ದನ್ನು ಎಲ್ಲರೂ ನೋಡಿದರು. "ಏಳಿ ಅಕ್ಕ" ಎಂದೆ. ಅವರು ಎಲೆಯನ್ನು ನೋಡಿದರು, ಏಳಲಿಲ್ಲ. ಅಮೃತಳ ಮದುವೆ ಆ ಎಲೆಯ ಮೇಲಿತ್ತು. ಇನ್ನೊಂದು ಸಲ ಉಕ್ಕಿ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡು ಎದ್ದರು.

ಹಿತ್ತಲಲ್ಲಿ ಕಬ್ಬಿನ ಸೋಗೆಯ ಮೆದೆಯ ಮರೆಗೆ ಕರೆದುಕೊಂಡು ಹೋದೆ. ಬೆನ್ನು ನೀವಿದೆ. ಬರೀ ನೊರೆ ಬಂತು, ಆಮೇಲೆ ನುಂಗಿದ್ದು ನುಂಗಿದ ಹಾಗೇ ಬಂತು. ಅವರು ಮಂಡಿಯೂರಿ ಕೂತು ಏದುಸಿರು ಬಿಡುತ್ತಿದ್ದಾಗ ಹಿಂದೆ ಹೆಜ್ಜೆ ಎಳೆಯುವ ಸದ್ದಾಯಿತು. ಮಾಯಮ್ಮ.

ತುಂಬ ಹೊತ್ತು ನೋಡಿ, "ಕ್ಯಾನ್ಸರಾ?" ಎಂದರು. ಮೆಲ್ಲಗೇ ಕೇಳಿದರು.

ಪಟ್ಟಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಇದ್ದರು. ಇಲ್ಲವೆಂದು ತಲೆಯಾಡಿಸಿದರು. ಅಂಥ ಸ್ಥಿತಿಯಲ್ಲಿ ತಲೆಯಾಡಿಸಿದ್ದನ್ನು ಯಾರು ನಂಬುತ್ತಾರೆ?

"ನೀವಾದ್ರೂ ನಿಜ ಏಳಿ" ಎಂದು ಮಾಯಮ್ಮ ನನ್ನ ಕಡೆ ತಿರುಗಿದರು. "ನನ್ಗೆ ಇರೋನು ಒಬ್ಬ ಮಗ. ಏನಿದ್ರೂ ಈಗ್ಲೇ ಏಳ್ಬುಡಿ."

ನನಗೆ ಎಲ್ಲ ಗೊತ್ತಿತ್ತು. ಹೇಳುವ ಹಕ್ಕು ಇರಲಿಲ್ಲ. ಸುಮ್ಮನಿದ್ದರೆ ಈ ಸಂಬಂಧವೂ ಹೋಗುತ್ತದೆ. ಹೇಳಿದರೆ ನನ್ನನ್ನು ನಂಬಿ ಕರೆತಂದವರ ಗುಟ್ಟನ್ನು ನಾನೇ ಬಿಚ್ಚಿದಂತೆ. ಕೊನೆಗೆ, "ಅವರದ್ದು ನಾನು ಹೇಳೋ ಹಾಗಿಲ್ಲಮ್ಮ. ನನ್ನದು ಹೇಳ್ತೀನಿ" ಎಂದು, ಸೆರಗು ಸರಿಸಿ, ಹೊಟ್ಟೆಯ ಮೇಲಿನ ಸಣ್ಣ ಸಣ್ಣ ಗಾಯದ ಕಲೆಗಳನ್ನು ತೋರಿಸಿದೆ. ಜೋತುಬಿದ್ದ ಚರ್ಮವೂ ಕಂಡಿತು. ನನ್ನ ತೂಕ, ನನ್ನ ಸಕ್ಕರೆ ಕಾಯಿಲೆ, ನನ್ನ ಆಪರೇಷನ್, ಯಾಕೆ ನಾನು ಮುದ್ದೆ ಅಗಿಯುತ್ತೇನೆ, ಎಲ್ಲವನ್ನೂ ತಡವರಿಸುತ್ತಾ ಹೇಳಿದೆ. ಪಟ್ಟಲಮ್ಮನ ಹೆಸರು ಎತ್ತಲಿಲ್ಲ.

ಮಾಯಮ್ಮ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು. ಆಗ ಪಟ್ಟಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಗೋಡೆ ಹಿಡಿದು ಎದ್ದು ನಿಂತರು. ತಮ್ಮ ಸೀರೆಯನ್ನು ಸ್ವಲ್ಪ ಸರಿಸಿದರು. ಅವೇ ಕಲೆಗಳು, ಅವೇ ಜಾಗಗಳಲ್ಲಿ.

"ಗರ್ಭಕೋಸ ಅಂದಿದ್ರಿ?"

"ಸುಳ್ಳೇಳ್ದೆ" ಎಂದರು ಪಟ್ಟಲಮ್ಮ. "ಸುಗರ್ ಜಾಸ್ತಿಯಾಗಿ ಕಾಲ್ ಓಯ್ತದೆ ಅಂದ್ರು. ಅದ್ಕೆ ಮಾಡುಸ್ಕಂಡೆ. ನಗ್ತಾರೆ ಅಂತ ಏಳ್ಳಿಲ್ಲ."

ಒಳಗೆ ಮುದ್ದಮ್ಮನ ದನಿ ಏರುತ್ತಿತ್ತು, ಎಲೆ ಬಿಟ್ಟೆದ್ದರು, ಎಲೆ ಬಿಟ್ಟೆದ್ದರು ಎಂದು. ಮಾಯಮ್ಮ ನನ್ನನ್ನು ಕೇಳಿದರು, "ಈಗೇನ್ ಕೊಡ್ಬೋದು?"

"ಈಗ ಏನೂ ಬೇಡ. ಸ್ವಲ್ಪ ಹೊತ್ತಾದ ಮೇಲೆ ಎರಡು ಚಮಚ ತಿಳಿಸಾರು."

"ಎಲೆ ಮುಂದೆ ಕೂತು ಸಾರ್ ಕುಡುದ್ರೂ ಉಂಡಂಗೇಯ. ನಡೀರಿ."

ಒಳಗೆ ಬಂದು ಕೂತೆವು. ಮಾಯಮ್ಮ ಪಟ್ಟಲಮ್ಮನ ಎಲೆಯ ಮೇಲಿದ್ದ ಮುದ್ದೆಯನ್ನು ತೆಗೆದು ಪಕ್ಕಕ್ಕಿಟ್ಟರು. ಸಣ್ಣ ಬಟ್ಟಲಲ್ಲಿ ತಿಳಿಸಾರು ತಂದಿಟ್ಟರು. ಮುದ್ದಮ್ಮ ಬಾಯಿ ತೆರೆಯುವ ಮೊದಲೇ, "ಅತ್ತೆ, ಸುಮ್ಕಿರು. ಅವ್ರು ಅಗ್ದೇ ತಿನ್ನೋದು. ನಿನ್ ಗಂಟೇನ್ ಓಯ್ತು?" ಎಂದರು. ಕ್ಯಾನ್ಸರ್ ಎಂದಾಗಲಿ ಆಪರೇಷನ್ ಎಂದಾಗಲಿ ಒಂದು ಮಾತಿಲ್ಲ. ಪಟ್ಟಲಮ್ಮ ಸ್ವಲ್ಪ ಹೊತ್ತು ತಡೆದು, ಒಂದು ಚಮಚ ಸಾರನ್ನು ಬಾಯಲ್ಲಿಟ್ಟುಕೊಂಡು, ನಿಧಾನವಾಗಿ ಇಳಿಸಿದರು. ಮಾಯಮ್ಮ ಅದು ಇಳಿಯುವವರೆಗೂ ನಿಂತು ನೋಡಿ, ಮುಂದಿನ ಎಲೆಗೆ ಹೋದರು.

ಅಮೃತಳ ಮದುವೆ ಮಂಡ್ಯದ ಛತ್ರದಲ್ಲಿ ಆಯಿತು. ಪಟ್ಟಲಮ್ಮ ಈಗಲೂ ತಿಂಗಳ ಭಾನುವಾರ ಮದ್ದೂರಿಗೆ ಬರುತ್ತಾರೆ. ಹೊಸದಾಗಿ ಬಂದವರಿಗೆ ತುತ್ತು ಎಷ್ಟಿರಬೇಕು ಎಂದು ಮುರಿದು ತೋರಿಸುತ್ತಾರೆ. ನನ್ನ ಜೊತೆ ಎಂದಿನಂತೆಯೇ ಇದ್ದಾರೆ. ಆದರೆ ಬರೆಯಲೇ ಎಂದು ಕೇಳಿದ್ದೊಂದು ಬಿಟ್ಟರೆ, ಆ ಹಿತ್ತಲಿನ ಮಾತನ್ನು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ. ಊರಿಗೆ ಇಂದಿಗೂ ಅದು ಗರ್ಭಕೋಶದ ಆಪರೇಷನ್ನೇ.

ನನ್ನದನ್ನು ಮಾತ್ರ ಹೇಳಿದೆ ಎಂದು ಅಂದುಕೊಂಡಿದ್ದೇನೆ. ಆದರೆ ನಾನು ಹೊಟ್ಟೆ ತೋರಿಸಿ ನಿಂತ ಮೇಲೆ ಅವರಿಗೆ ಬೇರೆ ದಾರಿ ಏನಿತ್ತು? ಅವರು ತಾವಾಗಿ ಮನಸ್ಸು ಮಾಡಿ ಸೀರೆ ಸರಿಸಿದರೋ, ನಾನು ಸರಿಸಿದ್ದರಿಂದ ಸರಿಸಲೇಬೇಕಾಯಿತೋ, ನನಗೆ ಗೊತ್ತಿಲ್ಲ.