ಐಸ್ ಫ್ಯಾಕ್ಟರಿಯಿಂದ ದಕ್ಷಿಣಕ್ಕೆ

ಅಪ್ಪನ ಪ್ರವಾಸದ ಬಸ್ಸು ಬೆಳಿಗ್ಗೆ ಹತ್ತಕ್ಕೆ ಲಿಯೋನ್‌ಗೆ ಬಂದು ಮಧ್ಯಾಹ್ನ ಮೂರಕ್ಕೆ ಹೊರಡುವುದಿತ್ತು. ಎರಡು ಗಂಟೆಯಾದರೂ ಅವನು ನನ್ನ ಬಾಗಿಲಿಗೆ ಬಂದಿರಲಿಲ್ಲ.

ಒಂದು ವರ್ಷ ಪಾಠ ಹೇಳಿ ವಾಪಸು ಬರುತ್ತೇನೆ ಎಂದು ಅಮೆರಿಕದಿಂದ ನಿಕರಾಗುವಾದ ಈ ಊರಿಗೆ ಬಂದವಳು ನಾನು. ಐದು ವರ್ಷವಾಯಿತು. ಮೂರನೆಯ ವರ್ಷ ಅಪ್ಪ ಫೋನಿನಲ್ಲಿ, "ನಾವು ಬೇಡ ಅಂತ ನೇರವಾಗಿ ಹೇಳಿಬಿಡು" ಅಂದಿದ್ದ. ಹಾಗಲ್ಲ ಅನ್ನಲು ನನಗೆ ಮಾತು ಸಿಗಲಿಲ್ಲ. ನನಗೆ ಮಾತು ಸಿಗುವುದು ಯಾವಾಗಲೂ ಮಾರನೆಯ ದಿನ. ಅಲ್ಲಿಗೆ ಫೋನು ನಿಂತಿತು. ಕಳೆದ ತಿಂಗಳು ನನ್ನ ಶಾಲೆಗೆ ಅವನ ಕಾರ್ಡು ಬಂತು. "ಬಸ್ಸು ನಿನ್ನೂರಲ್ಲಿ ಐದು ಗಂಟೆ ನಿಲ್ಲುತ್ತೆ. ಮನೆ ವಿಳಾಸ ಬರೆ. ಎದುರುಗೊಳ್ಳೋಕೆ ಬರಬೇಡ, ನಾನೇ ಹುಡುಕ್ತೀನಿ." ಮೂವತ್ತೆಂಟು ವರ್ಷ ಮನೆಮನೆಗೆ ಅಂಚೆ ಹಂಚಿದವನು. ನಾನು ವಿಳಾಸ ಬರೆದು ಕಳಿಸಿದ್ದೆ.

ಮನೆಯೊಡತಿ ಡೋನ್ಯಾ ಸೊಕೋರೋ ಅವನಿಗೆಂದು ಮಾಡಿದ ಗಿಣ್ಣಿನ ರೊಟ್ಟಿಗಳನ್ನು ಮೂರನೇ ಸಲ ಮುಚ್ಚಿಟ್ಟು ಕೇಳಿದಳು: "ಅಲ್ಲ ಮಗಳೇ, ಏನಂತ ಬರೆದಿದ್ದೆ?"

"ಐಸ್ ಫ್ಯಾಕ್ಟರಿಯಿಂದ ದಕ್ಷಿಣಕ್ಕೆ ಎರಡು ಬೀದಿ, ನೀಲಿ ಬಾಗಿಲು."

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ದೇವರೇ! ಅದನ್ನ ಕೆಡವಿ ಮೂವತ್ತು ವರ್ಷ ಆಯ್ತಲ್ಲೇ!"

"ಎಲ್ಲರೂ ಹಾಗೇ ಹೇಳ್ತಾರಲ್ಲ…"

"ಎಲ್ಲರೂ ಅಂದ್ರೆ ನಾವು ಕಣೇ. ನಿಮ್ಮಪ್ಪನಿಗೇನು ಗೊತ್ತು? ಓಡು!"

ಫ್ಯಾಕ್ಟರಿಯಿದ್ದ ಮೂಲೆಯಲ್ಲಿ ಈಗ ಡೋನ್ ಎವೆನೋರ್‌ನ ಪಂಕ್ಚರ್ ಅಂಗಡಿ. ನಾನು ಕೇಳುವ ಮೊದಲೇ ಅವನು ಹೇಳಿದ: "ಬಿಳಿ ಮುದುಕ, ಕೈಯಲ್ಲಿ ಚೀಟಿ, ಅವನೇನಾ? ಬಂದಿದ್ದ. ಫ್ಯಾಕ್ಟರಿ ಎಲ್ಲಿ ಅಂದ. ಇಲ್ಲ ಅಂದೆ. ಹೋದ."

"ಇದೇ ಜಾಗ ಅಂತ ಹೇಳಬಾರದಿತ್ತಾ?"

"ಮನೆ ಕೇಳಿದ್ರೆ ಮನೆ ತೋರಿಸ್ತಿದ್ದೆ. ಅವನು ಕೇಳಿದ್ದು ಫ್ಯಾಕ್ಟರಿ. ಎಲ್ಲಿಂದ ತರ್ಲಿ?" ಆಮೇಲೆ ನನ್ನ ಮುಖ ನೋಡಿ ಮೆತ್ತಗಾದ. "ಚರ್ಚಿನ ಚೌಕದ ಕಡೆ ಹೋದ. ಬೇಗ ಹೋಗು."

ಬಿಸಿಲಲ್ಲಿ ಓಡುತ್ತಿದ್ದರೂ ಕಣ್ಣೆದುರು ಇದ್ದದ್ದು ಒಹಾಯೋ ನದಿ ದಂಡೆಯ ನಮ್ಮೂರು. ರಜೆಯಲ್ಲಿ ಅಪ್ಪ ನನ್ನನ್ನೂ ಅಂಚೆ ಹಂಚಲು ಕರೆದೊಯ್ಯುತ್ತಿದ್ದ. ಬೀದಿಯ ಈ ಬದಿ ಸಮಸಂಖ್ಯೆ, ಆ ಬದಿ ಬೆಸ. ನಾಯಿಗಳಿಗೂ ಅವನು ಮನೆ ನಂಬರಿನಿಂದಲೇ ಹೆಸರಿಟ್ಟಿದ್ದ. ನಾನೂರ ಹದಿನಾಲ್ಕು ಕಚ್ಚುತ್ತಿತ್ತು. ಕೆಲಸ ಮುಗಿದ ಮೇಲೆ ಸೇತುವೆ ದಾಟಿ ಪಕ್ಕದೂರಿನಲ್ಲಿ ಸೇಬಿನ ಪೈ ತಿನ್ನುತ್ತಿದ್ದೆವು. ಆ ಊರಿನಲ್ಲಿ ಎರಡು ಮನೆಗೆ ಒಂದೇ ನಂಬರಿತ್ತು. ಅದನ್ನು ನೆನೆದು ಅಪ್ಪ ಪ್ರತಿ ಸಲವೂ ಬೇಸರಪಟ್ಟುಕೊಳ್ಳುತ್ತಿದ್ದ. ಅಂಥವನಿಗೆ ನಾನು ಇಲ್ಲದ ಕಟ್ಟಡವೊಂದರ ಗುರುತು ಕೊಟ್ಟಿದ್ದೆ. ಬೇಕೆಂದೇ ಕೊಟ್ಟಳು ಎಂದು ಅವನು ತಿಳಿದಿದ್ದರೆ?

ಅವನು ಹಾಗೆಯೇ ತಿಳಿದಿದ್ದ. ಚೌಕದಲ್ಲಿ ನಿಂತಿದ್ದ ಬಸ್ಸಿನ ಪಕ್ಕದ ಕಲ್ಲುಬೆಂಚಿನಲ್ಲಿ ಕೂತಿದ್ದವನು ನನ್ನನ್ನು ಕಂಡೂ ಏಳಲಿಲ್ಲ. ತುಂಬ ಸಣ್ಣಗಾಗಿದ್ದ.

"ಬರಬೇಡ ಅಂತ ಬರೆದಿದ್ರೆ ಸಾಕಿತ್ತು, ಟೆಸ್ಸ್. ಇಲ್ಲದ ಜಾಗ ಯಾಕೆ ಕಟ್ಟಿದೆ?"

ನಾಳೆಯವರೆಗೆ ಕಾಯಲು ಸಮಯವಿರಲಿಲ್ಲ.

"ಇತ್ತು ಅಪ್ಪ. ನಾನು ಹುಟ್ಟೋಕೆ ಮುಂಚೆ ಇತ್ತು. ನಾನೂ ನೋಡಿಲ್ಲ. ಆದ್ರೂ ದಿನಾ ಅಲ್ಲಿಂದಲೇ ತಿರುಗಿ ಮನೆಗೆ ಹೋಗ್ತೀನಿ. ಇಲ್ಲಿ ಎಲ್ಲರೂ ಹಾಗೇ ಹೇಳೋದು. ಬರೀವಾಗ ನಂಗೆ… ನೀನು ಹೊರಗಿನವನು ಅಂತ ಹೊಳೀಲೇ ಇಲ್ಲ."

ಅಪ್ಪ ಕೈಯಲ್ಲಿದ್ದ ಚೀಟಿಯನ್ನು ಬಿಡಿಸಿ ಇನ್ನೊಮ್ಮೆ ಓದಿದ.

"ಮನೆಗಳಿಗೆ ನಂಬರೇ ಇಲ್ವಾ?"

"ನಮ್ಮ ಬೀದೀಲಿ ಒಂದಕ್ಕೂ ಇಲ್ಲ."

"ಪಾಪ," ಅಂದ. "ಇಲ್ಲಿಯ ಅಂಚೆಯವನು."

ಅಷ್ಟರಲ್ಲಿ ಪ್ರವಾಸದ ಗೈಡ್ ಹುಡುಗಿ ಚಪ್ಪಾಳೆ ತಟ್ಟಿ ಎಲ್ಲರನ್ನೂ ಬಸ್ಸು ಹತ್ತಿಸತೊಡಗಿದಳು. ಅಪ್ಪ ಎದ್ದ. ಅವನು ಅವಳ ಬಳಿ ಹೋಗಿ, "ನನ್ನ ಚೀಲ ಇಳಿಸಿಕೊಡಮ್ಮ. ನಾಳೆ ಗ್ರನಾಡಾದಲ್ಲಿ ನಿಮ್ಮನ್ನ ಸೇರ್ಕೋತೀನಿ" ಅಂದ.

"ರಾತ್ರಿ ಎಲ್ಲಿರ್ತೀರಿ ಸಾರ್? ನಾನು ಬರ್ಕೋಬೇಕು."

ಅಪ್ಪ ಚೀಟಿ ಕೊಟ್ಟ. ಅವಳು ಓದಿ ತಲೆಯಾಡಿಸಿದಳು. "ಓ, ಐಸ್ ಫ್ಯಾಕ್ಟರಿ ಹತ್ರ. ನಮ್ಮತ್ತೆ ಮನೇನೂ ಅಲ್ಲೇ. ಬೆಳಿಗ್ಗೇನೇ ನನ್ನ ಕೇಳಿದ್ರೆ ಬಿಟ್ಟುಬರ್ತಿದ್ದೆನಲ್ಲ!"

"ಮನೆ ಹುಡುಕೋಕೆ ನಾನು ಯಾರನ್ನೂ ಕೇಳೋನಲ್ಲ," ಅಂದ ಅಪ್ಪ, ಕಿವಿ ಕೆಂಪಾಗಿ.

ಚೀಲ ಹೊರಲು ನನಗೆ ಬಿಡಲಿಲ್ಲ. ದಾರಿಯುದ್ದಕ್ಕೂ ನಾನೇ ಮಾತಾಡಿದೆ: ಶಾಲೆ, ಮಕ್ಕಳು, ಸೊಕೋರೋಳ ಜಗಳಗಳು, ಫೋನಿನಲ್ಲಿ ಅಂದು ಹೇಳಲಾಗದೆ ಉಳಿದದ್ದು. ಮಾತುಗಳು ಒಂದರ ಮೇಲೊಂದು ಬೀಳುತ್ತಿದ್ದವು.

ಅಪ್ಪ ನೆರಳಿರುವ ಬದಿಗೆ ನನ್ನನ್ನು ಎಳೆದುಕೊಂಡ. "ನಿಧಾನವಾಗಿ ಹೇಳು," ಅಂದ. "ನಾಳೆವರೆಗೂ ಇದೀನಿ."