ಮುಟ್ಟಿದ ಕಾಯಿ

ಚದುರಂಗದ ಮೇಷ್ಟ್ರಿಗೆ ನೂರು ತುಂಬಿದ ದಿನ ಕ್ಲಬ್ಬಿನವರು ಹಾರ ಹಾಕಿ, ಹಳೇ ಶಿಷ್ಯನ ಮಗಳ ಎದುರು ಆಟಕ್ಕೆ ಕೂರಿಸಿದರು. ಓರಗೆಯವರೆಲ್ಲ ಮಣ್ಣು ಸೇರಿದ್ದರು. ಮೇಷ್ಟ್ರಿಗೆ ಉಳಿದದ್ದು ಆಟವೊಂದೇ. ಇನ್ನೇನು ಗೆದ್ದರು ಎನ್ನುವಾಗ ಕುದುರೆಗೆಂದು ಚಾಚಿದ ಕೈ ನಡುಗಿ ಮಂತ್ರಿಯನ್ನು ಹಿಡಿಯಿತು. ಮುಟ್ಟಿದ ಕಾಯಿ ನಡೆಸಲೇಬೇಕು. ಆದರೆ ಮಂತ್ರಿಯನ್ನು ಎಲ್ಲಿಟ್ಟರೂ ಉಳಿಗಾಲವಿರಲಿಲ್ಲ.

"ಬಿಡಿ ತಾತ, ಕೈ ನಡುಗ್ತು ಅಷ್ಟೇ," ಎಂದಳು ಹುಡುಗಿ.

"ನಿಮ್ಮಪ್ಪ ಗೊಳೋ ಅಂತ ಅತ್ತಾಗ್ಲೂ ನಾನು ಬಿಟ್ಟಿರ್ಲಿಲ್ಲ ಕಣಮ್ಮ."

"ಇದೊಂದ್ಸಲ ಮೇಷ್ಟ್ರೇ!" ಅಧ್ಯಕ್ಷರು ನಕ್ಕರು.

"ಆಟಗಾರನ್ನ ಕರೆದ್ರೋ, ಹೆಣಕ್ಕೆ ಹಾರ ಹಾಕಿದ್ರೋ?"

ಮೇಷ್ಟ್ರು ಮಂತ್ರಿಯನ್ನು ಅವಳ ಆನೆಯ ಬಾಯಿಗಿಟ್ಟು, "ಹೊಡಿ" ಎಂದರು. ಅವಳು ತಲೆಯೆತ್ತದೆ ಹೊಡೆದಳು. ಮೇಷ್ಟ್ರು ರಾಜನನ್ನು ಮಲಗಿಸಿ ಸೋಲೊಪ್ಪಿಕೊಂಡರು.

ಆಮೇಲೆ ಭಾಷಣದಲ್ಲಿ ಅಧ್ಯಕ್ಷರು ಆಟ ಸಮವಾಯಿತೆಂದರು. ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು.